ಲೋಲಾ ಪಾಸಿಂಗ್‌ಳ ಪುಸೊ

"ನನ್ನ ಪುಸೊ ಸೋರುತ್ತಾ? ಯಾರಮ್ಮ ನಿಂಗೆ ಹೇಳಿದ್ದು?"

ಲೋಲಾ ಪಾಸಿಂಗ್ ಕುರ್ಚಿಯಿಂದ ಎದ್ದೇಬಿಟ್ಟಳು. ಆರೋಗ್ಯ ಕೇಂದ್ರದ ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದವರೆಲ್ಲ ಕಣ್ಣು ಬಿಟ್ಟರು.

ಡಾಕ್ಟರ್ ಇಲಗಾನ್ ಗಾಬರಿಯಾದರು. "ಸ್ವಲ್ಪ ಸೋರ್ತಿರಬಹುದು ಅಂದೆ ಅಷ್ಟೇ. ಸ್ವಲ್ಪ ದೊಡ್ಡದೂ ಆಗಿರೋ ಹಾಗಿದೆ..."

"ದೊಡ್ಡದೇ ಮತ್ತೆ! ಇಡೀ ಮಾರ್ಕೆಟ್ಟಿಗೆ ನಂದೇ ದೊಡ್ಡದು. ಇಷ್ಟು ವರ್ಷದಲ್ಲಿ ಒಂದು ಅಗುಳು ಸೋರಿಲ್ಲ. ನಡಿ ಇಂದಾಯ್, ಸೀರಿಯಲ್ ಶುರುವಾಗೋ ಹೊತ್ತಾಯ್ತು!"

ಲೋಲಾ ಅಂದರೆ ಅಜ್ಜಿ. ಇಂದಾಯ್ ಅಂದರೆ ಅವಳ ಮೊಮ್ಮಗಳು ಜೆನಾಲಿನ್. ಸೆಬು ದ್ವೀಪದಲ್ಲಿ ಅಜ್ಜಿಯರು ಹೆಣ್ಣುಮಕ್ಕಳನ್ನು ಮುದ್ದು ಬಂದರೂ ಹಾಗೇ ಕರೆಯುತ್ತಾರೆ, ಸಿಟ್ಟು ಬಂದರೂ ಹಾಗೇ ಕರೆಯುತ್ತಾರೆ. ಅಮ್ಮನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಇದ್ದದ್ದರಿಂದ ಲೋಲಾ ಜೊತೆ ಅವಳೇ ಬಂದಿದ್ದಳು. ಈಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗು ತಡೆಯುತ್ತಿದ್ದಳು.

ನಗದೆ ಇನ್ನೇನು ಮಾಡುತ್ತಾಳೆ? ಡಾಕ್ಟರು ಮನಿಲಾದವರು, ಅವರ ಭಾಷೆ ಟಗಾಲೊಗ್. ಟಗಾಲೊಗ್‌ನಲ್ಲಿ ಪುಸೊ ಅಂದರೆ ಹೃದಯ. ಸೆಬುವಿನಲ್ಲಿ ಪುಸೊ ಅಂದರೆ ಅನ್ನ! ತೆಂಗಿನ ಗರಿಯಲ್ಲಿ ಮುಷ್ಟಿ ಗಾತ್ರದ ಪೊಟ್ಟಣ ಹೆಣೆದು, ಅಕ್ಕಿ ತುಂಬಿ, ಕುದಿಯುವ ನೀರಲ್ಲಿ ಬೇಯಿಸಿದ ಅನ್ನ. ಲೋಲಾ ಅಮ್ಮನನ್ನು ಓದಿಸಿದ್ದೇ ಪುಸೊ ಮಾರಿ. ಅವಳಿಗೆ ಬೇರೆ ಏನು ಬೇಕಾದರೂ ಹೇಳಬಹುದು, ಪುಸೊ ಸೋರುತ್ತೆ ಅಂತ ಮಾತ್ರ ಹೇಳಬಾರದು.

ದಾರಿಯಲ್ಲಿ ಬಾರ್ಬೆಕ್ಯೂ ಅಂಗಡಿಯ ಟೆಸ್ಸಿಯಕ್ಕನಿಗೆ ಜೆನಾಲಿನ್ ಇಡೀ ಕತೆಯನ್ನು ಆಕ್ಷನ್ ಸಮೇತ ಹೇಳಿದಳು. ಕೋಳಿ ಸುಡುತ್ತಿದ್ದ ಟೆಸ್ಸಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲೋಲಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆದರೆ ಮನೆಯ ಮೆಟ್ಟಿಲು ಹತ್ತುವಾಗ ಲೋಲಾ ಅರ್ಧಕ್ಕೇ ನಿಂತಳು. ಕಂಬಿ ಹಿಡಿದುಕೊಂಡು, "ಪಕ್ಕದ್ಮನೆ ಹುಂಜ ಎಷ್ಟು ಚೆನ್ನಾಗಿದೆ ನೋಡು," ಅಂದಳು. ಅಲ್ಲಿ ಹುಂಜ ಇರಲಿಲ್ಲ. ಅದನ್ನು ಮುಚ್ಚಿಡುವ ಖಾಲಿ ಬುಟ್ಟಿ ಮಾತ್ರ ಇತ್ತು.

ಜೆನಾಲಿನ್‌ಳ ನಗು ನಿಂತುಹೋಯಿತು. ನಿಜವಾಗಿಯೂ ಸೋರುತ್ತಿದ್ದರೆ?

"ಲೋಲಾ, ಡಾಕ್ಟರು ಹೇಳಿದ್ದು ಅನ್ನದ ಬಗ್ಗೆ ಅಲ್ಲ. ಇದರ ಬಗ್ಗೆ," ಎಂದು ಅವಳ ಎದೆ ಮುಟ್ಟಿ ತೋರಿಸಿದಳು. "ಶನಿವಾರ ಎಕೋ ಮಷೀನ್ ಬರುತ್ತಂತೆ. ಒಳಗಡೆ ಫೋಟೋ ತೆಗೀತಾರಂತೆ."

"ಹೌದಾ? ಹಂಗಂತ ಬಿಡಿಸಿ ಹೇಳ್ಬಾರ್ದಾ? ನಂಗೆ ಆ ಮನಿಲಾ ಭಾಷೆ ತಲೆಗೇ ಹತ್ತಲ್ಲ. ಶನಿವಾರ ಬೇರೆ ತುಂಬಾ ಆರ್ಡರ್ ಇದೆ."

ಅಮ್ಮನೂ ಹೇಳಿ ನೋಡಿದಳು. ಲೋಲಾ ಜಗ್ಗಲಿಲ್ಲ. ಮರುದಿನ ಪುಸೊ ಒಯ್ಯಲು ಬಂದ ಟೆಸ್ಸಿಯಕ್ಕನಂತೂ ಕೆಲಸ ಕೆಡಿಸಿಯೇಬಿಟ್ಟಳು.

"ಎಕೋನಾ? ಅಯ್ಯೋ, ಬಸುರಿಯರ ಹೊಟ್ಟೆಗೆ ಜೆಲ್ ಹಚ್ಚಿ ನೋಡ್ತಾರಲ್ಲ, ಅಂಥದ್ದೇ ಅದು! ನಮ್ಮ ಭಾವನಿಗೆ ದೊಡ್ಡಾಸ್ಪತ್ರೇಲಿ ಸಿ.ಟಿ. ಸ್ಕ್ಯಾನ್ ಮಾಡಿದ್ರು. ಮಷೀನ್ ಇತ್ತು ನೋಡು, ಆನೆಗೆ ತೊಡಿಸೋ ಬಳೆ ಥರ! ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರ್ತಿತ್ತು. ಅದು ಸ್ಕ್ಯಾನ್ ಅಂದ್ರೆ!"

ಲೋಲಾಗೆ ಅಷ್ಟೇ ಸಾಕಾಯಿತು. "ಕೇಳಿಸ್ತಾ ಇಂದಾಯ್? ದೊಡ್ಡದಕ್ಕೆ ದುಡ್ಡಿಲ್ಲ. ಚಿಕ್ಕದರಿಂದ ಉಪಯೋಗ ಇಲ್ಲ. ಎರಡೂ ಬೇಡ, ಗರಿ ತಗೊಂಬಾ."

ಜೆನಾಲಿನ್‌ಗೆ ಟೆಸ್ಸಿಯಕ್ಕನ ಮೇಲೆ ಕೆಂಡದಂಥ ಸಿಟ್ಟು ಬಂತು. ಅದರ ಜೊತೆ ಒಂದು ಹೆದರಿಕೆಯೂ ಬಂತು. ನಾವು ಬಡವರು ಅಂತಲೇ ನಮಗೆ ಚಿಕ್ಕ ಮಷೀನ್ ಇರಬಹುದಾ?

ಶನಿವಾರ ಬೆಳಿಗ್ಗೆ ಲೋಲಾ ಪುಸೊ ಹೆಣೆಯುತ್ತ ಕೂತಿದ್ದಳು. ಒಂದೊಂದು ಪೊಟ್ಟಣ ಮುಗಿದಾಗಲೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡುತ್ತಿದ್ದಳು. ಆಮೇಲೇ ಅಕ್ಕಿ. ಜೆನಾಲಿನ್ ಹೆಣೆದದ್ದನ್ನು ನೋಡಿ, "ಇದ್ರಲ್ಲಿ ಇಲಿ ಓಡಾಡುತ್ತೆ," ಎಂದು ಪಕ್ಕಕ್ಕೆಸೆದಳು.

ಜೆನಾಲಿನ್‌ಗೆ ರೇಗಿಹೋಯಿತು. "ನಂದು ನೋಡ್ತೀಯ, ನಿಂದು ನೋಡ್ತೀಯ, ಎಲ್ಲಾನೂ ಬೆಳಕಿಗೆ ಹಿಡಿದು ನೋಡ್ತೀಯ! ನಿನ್ನ ಎದೇಲಿರೋದನ್ನ ಮಾತ್ರ ಯಾಕೆ ನೋಡಿಸ್ಕೊಳ್ಳಲ್ಲ?"

ಹೇಳುತ್ತ ಹೇಳುತ್ತ ಅವಳಿಗೆ ಅಳುವೇ ಬಂತು. ಲೋಲಾಳ ಕೈ ನಿಂತಿತು. ಗರಿ ಕೆಳಗಿಟ್ಟು ಮೇಲೆದ್ದಳು.

"ನನ್ನ ಹೂವಿನ ಬ್ಲೌಸ್ ಎಲ್ಲಿಟ್ಟಿದೀಯ?" ಎಂದಳು. "ಫೋಟೋ ತೆಗೆಸ್ಕೊಳ್ಳೋಕೆ ಇದರಲ್ಲೇ ಹೋಗ್ಲಾ?"

ಎಕೋ ಮಾಡುವ ಕೋಣೆ ಅರೆಗತ್ತಲೆಯಲ್ಲಿತ್ತು. ಮಷೀನ್ ನೋಡಿದರೆ ಟಿವಿಗೆ ಚಕ್ರ ಹಚ್ಚಿದ ಹಾಗಿತ್ತು. ಹೂವಿನ ಬ್ಲೌಸನ್ನು ಬಿಚ್ಚಿಡಲೇಬೇಕಾಯಿತು. ಲೋಲಾ ಹೊದಿಕೆ ಹೊದ್ದು, ಗೊಣಗುತ್ತ ಎಡ ಮಗ್ಗುಲಿಗೆ ಮಲಗಿದಳು.

ಜೆನಾಲಿನ್ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ಡಾಕ್ಟರ್, ನಮ್ಮ ಹತ್ರ ದುಡ್ಡಿಲ್ಲ ಅಂತ ಚಿಕ್ಕ ಮಷೀನಲ್ಲಿ ನೋಡ್ತಿದೀರಾ?"

ಡಾಕ್ಟರು ನಗಲಿಲ್ಲ. "ಹಾಗೂ ಆಗೋದುಂಟು, ಸುಳ್ಳು ಹೇಳಲ್ಲ. ಇವತ್ತು ಹಾಗಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿದೆಯಾ ಅಂತ ನೋಡೋಕೆ ಆ ದೊಡ್ಡ ಮಷೀನ್. ನಂಗೆ ಗೊತ್ತಾಗಬೇಕಿರೋದು, ಒಳಗಿನ ಬಾಗಿಲು ಸರಿಯಾಗಿ ಮುಚ್ಚುತ್ತಾ ಇಲ್ವಾ ಅಂತ. ಅದಕ್ಕೆ ಇದೇ ಸರಿ."

"ದೊಡ್ಡದು ಬೇಕೇ ಬೇಕು ಅಂತಾದ್ರೆ?"

"ಆಗ ನಿನ್ನ ಲೋಲಾ ಎಷ್ಟು ಕೂಗಾಡಿದ್ರೂ ಬಿಡಲ್ಲ. ಎಲ್ಲಿ ಕಡಿಮೆಗೆ ಆಗುತ್ತೆ ಅಂತ ನಾನೇ ಹುಡುಕ್ತೀನಿ."

ಜೆಲ್ ತಾಗಿದ ಕೂಡಲೇ ಲೋಲಾ ಕಿರುಚಿದಳು. "ಐಸ್ ಹಚ್ತೀಯಲ್ಲಮ್ಮ! ನಾನೇನು ಮೀನಾ?"

ಪರದೆಯ ಮೇಲೆ ಬೂದುಬಣ್ಣದ ಏನೋ ಮಿಸುಕಾಡಿತು. ಆಮೇಲೆ ಪುಟ್ಟ ಪುಟ್ಟ ಬಾಗಿಲುಗಳು ಕಂಡವು. ತೆರೆದವು, ಮುಚ್ಚಿದವು, ಮತ್ತೆ ತೆರೆದವು. ಒಂದಿಷ್ಟೂ ಬಿಡುವಿಲ್ಲ. ಜೆನಾಲಿನ್ ಪರದೆಯ ಹತ್ತಿರಕ್ಕೆ ಬಾಗಿದಳು.

ಲೋಲಾ ಕತ್ತು ಎತ್ತಿ ಇಣುಕಿದಳು. "ಅದ್ಯಾರು ಒಳಗೆ ಚಪ್ಪಾಳೆ ತಟ್ತಿರೋದು?"

"ನೀವೇ, ಲೋಲಾ. ಹುಟ್ಟಿದಾಗಿಂದ ತಟ್ತಿದೀರ." ಡಾಕ್ಟರು ಒಂದು ಗುಂಡಿ ಒತ್ತಿದರು. ಬಾಗಿಲ ಸಂದಿನಲ್ಲಿ ತೆಳ್ಳಗೆ ನೀಲಿ ಗೆರೆಯೊಂದು ಚಿಮ್ಮಿತು. "ಇಲ್ಲಿ ನೋಡಿ, ಈ ಬಾಗಿಲು ಪೂರ್ತಿ ಮುಚ್ತಿಲ್ಲ. ಸ್ವಲ್ಪವೇ. ಈಗ ಮಾತ್ರೆ ಸಾಕು, ಆಪರೇಷನ್ ಬೇಡ. ಆರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ. ಉಪ್ಪು ಕಮ್ಮಿ ಮಾಡಿ. ಒಣಮೀನು ಬೇಡ."

"ಒಣಮೀನೂ ಬೇಡ್ವಾ? ಅದಕ್ಕಿಂತ ಆ ಆನೆ ಬಳೆಯೊಳಗೇ ತೂರಿಸಮ್ಮ!"

ಆದರೆ ಹಾಗೆಂದವಳು ಜೆನಾಲಿನ್‌ಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಸಂಜೆ ಊಟಕ್ಕೆ ಒಣಮೀನಿರಲಿಲ್ಲ. ಲೋಲಾ ಗೊಣಗುತ್ತಲೇ ಮಾತ್ರೆ ನುಂಗಿ, ಟಿವಿ ಹಾಕಿ ಕೂತಳು. ಸೀರಿಯಲ್‌ನಲ್ಲಿ ಮಳೆ ಬರುತ್ತಿತ್ತು. ಹೀರೋಯಿನ್ ನೆನೆಯುತ್ತ ನಿಂತು ಟಗಾಲೊಗ್‌ನಲ್ಲಿ ಹೇಳಿದಳು: "ನನ್ನ ಪುಸೊ ನಿನಗೇ ಕೊಟ್ಟೆನಲ್ಲ, ಇನ್ನೇನು ಕೊಡಲಿ?"

ಲೋಲಾ ಗಳಗಳ ಅತ್ತಳು.

ಜೆನಾಲಿನ್ ಅವಳನ್ನೇ ನೋಡಿದಳು. ದಿನಾ ಸಂಜೆ ಟಗಾಲೊಗ್ ಸೀರಿಯಲ್. ಅಳಬೇಕಾದಲ್ಲಿ ಅಳು, ಬೈಯಬೇಕಾದಲ್ಲಿ ಬೈಗುಳ. ಒಂದು ದಿನವೂ ಲೋಲಾ ಯಾವ ಮಾತಿಗೂ ಅರ್ಥ ಕೇಳಿದವಳಲ್ಲ.

ಹಾಗಾದರೆ ಅವತ್ತು ಡಾಕ್ಟರ ಮುಂದೆ? ಟೆಸ್ಸಿಯಕ್ಕನ ಅಂಗಡಿ ಮುಂದೆ ಅಷ್ಟು ಜೋರು ನಗು? ಮೆಟ್ಟಿಲಲ್ಲಿ ಇಲ್ಲದ ಹುಂಜ?

ಲೋಲಾಗೆ ಎಲ್ಲ ಅರ್ಥವಾಗಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಅರ್ಥವಾಗಿತ್ತು.

"ಲೋಲಾ," ಎಂದಳು ಜೆನಾಲಿನ್ ಮೆಲ್ಲಗೆ. "ಅವಳು ಅವನಿಗೆ ಏನು ಕೊಟ್ಟಳಂತೆ?"

ಲೋಲಾ ಮೂಗೊರೆಸಿಕೊಂಡಳು. ಓರೆಗಣ್ಣಿಂದ ಮೊಮ್ಮಗಳನ್ನು ನೋಡಿದಳು.

"ಅನ್ನ," ಎಂದಳು.

ಜೆನಾಲಿನ್ ಹತ್ತಿರ ಸರಿದು ಲೋಲಾಳ ಎದೆಗೆ ಕಿವಿ ಇಟ್ಟಳು. ಒಳಗೆ ಚಪ್ಪಾಳೆ ನಡೆದೇ ಇತ್ತು.