ಬಾಗಿಲ ಹಿಂದಿನ ಬಿಳಿ ಕೋಟು

“ಅಪ್ಪಾ, ಅದು ಕೈ ಎತ್ತಿತು!”

ಅಪ್ಪ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. “ಫ್ಯಾನ್ ಗಾಳಿ ಕಣೇ, ಕಡ್ಡಿ.”

ಕಡ್ಡಿ ಎಂದರೆ ಅವನ ಮಗಳೇ. ಸಣಕಲಿಯಾದ್ದರಿಂದ ಅಪ್ಪ ಇಟ್ಟ ಹೆಸರು. ಅವಳು ಹೈಸ್ಕೂಲಿಗೆ ಸೇರಿದ ದಿನವೇ ಅಪ್ಪ ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗೊತ್ತಿ ಒಂದು ಬಿಳಿ ಡಾಕ್ಟರ್ ಕೋಟು ಹೊಲಿದಿದ್ದ. ಈಗಿನ ಅಳತೆಗಲ್ಲ, ಮುಂದೆ ದೊಡ್ಡವಳಾದಾಗಿನ ಅಳತೆಗೆ! ಎಷ್ಟೇ ಅರ್ಜೆಂಟ್ ಎಂದರೂ ಮೈಗೆ ಹಾಕಿಸಿ ಟ್ರಯಲ್ ನೋಡದೆ ಪಕ್ಕಾ ಹೊಲಿಗೆ ಹಾಕದ ಮನುಷ್ಯ, ಇದನ್ನು ಮಾತ್ರ ಬಟನ್ ಸಮೇತ ಮುಗಿಸಿಬಿಟ್ಟಿದ್ದ. ಅಂಗಡಿಗೆ ಬಂದವರಿಗೆಲ್ಲ “ನಮ್ಮ ಡಾಕ್ಟರಮ್ಮಂದು” ಎಂದು ತೋರಿಸಿ ಬೀಗುತ್ತಿದ್ದ.

ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದ ಆ ಕೋಟು ಕಂಡರೆ ಕಡ್ಡಿಗೆ ಎದೆ ಢವಢವ. ಹೆಗಲು, ತೋಳು, ಎತ್ತರ ಎಲ್ಲ ಇತ್ತು, ತಲೆ ಮಾತ್ರ ಇರಲಿಲ್ಲ. ಯಾರೋ ಗೋಡೆಗೆ ಒರಗಿ ಅವಳಿಗಾಗಿ ಕಾಯುತ್ತಿರುವ ಹಾಗಿತ್ತು. ಹೋಮ್‌ವರ್ಕ್‌ಗೆ ಕೂತರೆ ಬೆನ್ನ ಮೇಲೆಯೇ ಅದರ ನೋಟ. ತಲೆಯೇ ಇಲ್ಲದ್ದು ನೋಡುವುದು ಹೇಗೆ? ಆದರೂ ನೋಡುತ್ತಿತ್ತು.

ನಾಳೆ ಕ್ಲಾಸ್ ಟೀಚರ್ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವವರಿದ್ದರು. “ಮುಂದೆ ಏನಾಗ್ಬೇಕು ಅಂತ ಕೂತು ಯೋಚ್ನೆ ಮಾಡೋಣ. ಮನೇಲಿ ಹೇಳ್ಕೊಟ್ಟಿದ್ದು ಬೇಡ, ನಿಮ್ಮ ಮಾತೇ ಬೇಕು,” ಎಂದಿದ್ದರು. ಅದನ್ನು ಅವಳು ಅಪ್ಪನಿಗೂ ಹೇಳಿದ್ದಳು.

ಕಡ್ಡಿಯ ಹತ್ತಿರ ತನ್ನ ಮಾತು ಎಂಬುದೇ ಇರಲಿಲ್ಲ. ಡಾಕ್ಟರ್ ಆಗುವುದು ಬೇಡ ಎಂದೇನೂ ಅಲ್ಲ. ಗೊತ್ತಿಲ್ಲ, ಅಷ್ಟೇ. ಆದರೆ ಇಷ್ಟು ಆಸೆಪಟ್ಟ ಅಪ್ಪನಿಗೆ ಅದನ್ನು ಹೇಳುವುದು ಹೇಗೆ?

ಅಪ್ಪ ಟೀ ಕುಡಿಯಲು ಹೊರಗೆ ಹೋದ. ಕಡ್ಡಿ ಉಸಿರು ಬಿಗಿಹಿಡಿದು ಕೋಟನ್ನು ಇಳಿಸಿ ಹಾಕಿಕೊಂಡಳು. ಮೈಗೆ ತಣ್ಣಗೆ ತಾಗಿತು. ಟ್ರಯಲ್ ಕನ್ನಡಿಯಲ್ಲಿ ನೋಡಿದರೆ ಕೈಗಳೇ ಇಲ್ಲ! ತೋಳಿನ ತುದಿಗಳು ಖಾಲಿ ನೇತಾಡುತ್ತಿದ್ದವು. ಕೆಳಗೆ ಕಾಲೂ ಕಾಣಲಿಲ್ಲ. ಕೋಟನ್ನು ತಾನು ಹಾಕಿಕೊಂಡಿದ್ದೇನೋ, ಕೋಟೇ ತನ್ನನ್ನು ನುಂಗಿದೆಯೋ ತಿಳಿಯಲಿಲ್ಲ.

ಆಗ ಕನ್ನಡಿಯೊಳಗೆ ಇನ್ನೊಂದು ಮುಖ ಮೂಡಿತು. ಬಾಗಿಲಲ್ಲಿ ನಿಂತಿದ್ದ ಅಪ್ಪನದು. ಅದು ಬಿಳಿಚಿಕೊಂಡಿತ್ತು.

“ತೆಗಿಯೇ ಅದನ್ನ. ನೀನೇ ಕಾಣಿಸ್ತಿಲ್ಲ.”

“ಎಲ್ಲರಿಗೂ ಟ್ರಯಲ್ ನೋಡ್ತೀಯಲ್ಲಪ್ಪ,” ಕಡ್ಡಿ ಕೋಟನ್ನು ಕಳಚಿ ಮೇಜಿನ ಮೇಲಿಟ್ಟಳು. “ನಂಗ್ಯಾಕೆ ನೋಡ್ಲಿಲ್ಲ?”

ಅಪ್ಪ ಸ್ಟೂಲಿನ ಮೇಲೆ ಕುಸಿದ. ಆಮೇಲೆ ಬ್ಲೇಡು ಹುಡುಕಿ ಕೋಟಿನ ಹೊಲಿಗೆ ಬಿಚ್ಚತೊಡಗಿದ. ಚರ್ರ್, ಚರ್ರ್. ಒಂದು ತೋಳು ಕಳಚಿತು, ಇನ್ನೊಂದೂ ಕಳಚಿತು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಬರೀ ಬಟ್ಟೆ.

“ಸಿಟ್ಟಾ ಅಪ್ಪಾ?”

“ಸಿಟ್ಟಲ್ಲ ಕಣೇ, ಸ್ವಲ್ಪ ಬೇಜಾರು. ನಾಳೆ ಟೀಚರ್‌ಗೆ ಏನಂತೀಯ?”

“ಇನ್ನೂ ಗೊತ್ತಿಲ್ಲ ಅಂತೀನಿ.”

“ಹ್ಞೂಂ. ಬಟ್ಟೆ ಎಲ್ಲಿಗೂ ಓಡಿಹೋಗಲ್ಲ. ಗೊತ್ತಾದ ದಿನ ಬಾ, ಅಳತೆ ತಗೋತೀನಿ.”

ಅಂಗಡಿ ಮುಚ್ಚುವಾಗ ಕಡ್ಡಿ ಬಾಗಿಲ ಹಿಂದೆ ಇಣುಕಿದಳು. ಬರೀ ಮೊಳೆ. ಅಲ್ಲಿ ಅವಳಿಗಾಗಿ ಕಾಯುವವರು ಯಾರೂ ಇರಲಿಲ್ಲ. ಹಗುರ ಎನಿಸಿತು, ಒಂದು ಬಗೆಯ ಭಯವೂ ಆಯಿತು. ಅದೇ ಜಾಗದಲ್ಲಿ ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಂತು, ನೆತ್ತಿಯ ಮೇಲೆ ಕೈಯಿಟ್ಟು ನೋಡಿದಳು.

ಮೊಳೆ ಇನ್ನೂ ಬಹಳ ಮೇಲಿತ್ತು.