ಏಳು ಗಂಟೆಗೆ ನಿಲ್ಲುತ್ತಿದ್ದ ಭಜನೆ

ಬಾಂದ್ರಾದಿಂದ ಲೋಕಲ್‌ನಲ್ಲಿ ನಿಂತೇ ಬಂದ ಗುರುಬಸವನಿಗೆ ಆ ಶನಿವಾರ ಸಂಜೆ ಬೇಕಾಗಿದ್ದದ್ದು ಒಂದು ಲೋಟ ಚಹಾ ಮತ್ತು ಬೆನ್ನು ಆನಿಸಲು ಒಂದು ಗೋಡೆ, ಅಷ್ಟೇ. ಆದರೆ ಜೋಗೇಶ್ವರಿಯ ಆ ಹಳೇ ಬಿಲ್ಡಿಂಗಿಗೆ ಸೆಕ್ರೆಟರಿಯಾದವನಿಗೆ ಅಷ್ಟು ಪುಣ್ಯ ಎಲ್ಲಿಂದ ಬರಬೇಕು? ಮೊದಲ ಮಾಳಿಗೆಯ ಬಾಗಿಲಲ್ಲೇ ಅಂಬವ್ವ ಚೌಕಟ್ಟು ಹಿಡಿದು ಕಾಯುತ್ತಿದ್ದರು.

"ತಮ್ಮಾ, ನೋಟೀಸ್ ಬರದ್ಯೋ ಇಲ್ಲೋ?"

ನೋಟೀಸು ಎರಡು ದಿನದಿಂದ ಅವನ ಅಂಗಿಯ ಜೇಬಿನಲ್ಲೇ ಇತ್ತು. ಎದುರು ರೂಮಿನ ಪ್ರಣೀತಾ ಮತ್ತು ಅವಳ ಗಂಡ ರೋಶನ್ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು ಎಂಬ ನೋಟೀಸು. ಆ ರೂಮೂ ಅಂಬವ್ವನದೇ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕೆಲಸ ಮಾಡುವ ರೋಶನ್ ಭಾನುವಾರವೊಂದು ಬಿಟ್ಟರೆ ಹಗಲು ಮನೆಯಲ್ಲಿ ಇರುವವನೇ ಅಲ್ಲ. ಹಾಗಾಗಿ ಪೂರಾ ಸಿಟ್ಟು ಪ್ರಣೀತಾಳ ತಲೆಯ ಮೇಲೆ ಬಿದ್ದಿತ್ತು.

ಅಪರಾಧ ಇಷ್ಟೇ. ಅಂಬವ್ವನ ತಂಗಿ ಮಾಧುರಿ ಧಾರವಾಡದ ಒಂದು ಪ್ರವಚನ ಮಂಟಪದಲ್ಲಿ ದಿನಾ ಸಂಜೆ ಏಳಕ್ಕೆ ಭಜನೆ ಹಾಡುತ್ತಿದ್ದಳು. ಅದು ಇಂಟರ್ನೆಟ್ಟಿನಲ್ಲಿ ನೇರವಾಗಿ ಬರುತ್ತಿತ್ತು. ಮೊಣಕಾಲು ಕೈಕೊಟ್ಟು ನಾಲ್ಕು ವರ್ಷದಿಂದ ಊರು ಕಾಣದ ಅಂಬವ್ವ, ತಂಗಿಯ ಮುಖ ದೊಡ್ಡದಾಗಿ ನೋಡಬೇಕೆಂದೇ ತಿಂಗಳ ಹಿಂದೆ ಹೊಸ ಟಿವಿ, ವೈಫೈ ಎರಡನ್ನೂ ಹಾಕಿಸಿದ್ದರು. ಮಧ್ಯಾಹ್ನದ ಧಾರಾವಾಹಿಗಳು ಒಂದೂ ತಡವರಿಸದೆ ಓಡುತ್ತಿದ್ದವು. ಏಳು ಗಂಟೆಗೆ ಮಾಧುರಿ ಬಾಯಿ ತೆರೆದಳೋ, ಪರದೆಯ ಮೇಲೆ ಚಕ್ರ ತಿರುಗತೊಡಗುತ್ತಿತ್ತು.

"ಆಕಿ ನನ್ನ ವೈಫೈ ಕದ್ದು ಸಿನೆಮಾ ನೋಡ್ತಾಳ" ಎಂದು ಅಂಬವ್ವ ತೀರ್ಮಾನಿಸಿದರು. ಬುಧವಾರ ಗುರುಬಸವನೇ ಕೂತು ಪಾಸ್‌ವರ್ಡ್ ಬದಲಿಸಿಕೊಟ್ಟಿದ್ದ. ಅಂದೂ ಚಕ್ರ ತಿರುಗಿತು. ಹಾಗಿದ್ದರೆ ದಿನಾ ಸಂಜೆ ಅಡುಗೆಮನೆಗೆ ಬರುವ ಪ್ರಣೀತಾ ಅಲ್ಲಿರುವ ವೈಫೈ ಡಬ್ಬಿಗೇ ಏನೋ ಕೈ ಹಚ್ಚುತ್ತಾಳೆ ಎಂದು ಗುರುವಾರ ಅಂಬವ್ವ ಅವಳನ್ನು ಇಡೀ ಬಿಲ್ಡಿಂಗಿಗೆ ಕೇಳುವಂತೆ ಬೈದು ಹೊರಗೆ ಹಾಕಿದರು. ಶುಕ್ರವಾರ ಭಜನೆ ಸರಾಗವಾಗಿ ಬಂತು. ಇನ್ನೇನು ಸಾಕ್ಷಿ ಬೇಕು?

ಗುರುಬಸವನಿಗೆ ಮಾತ್ರ ಆ ಕಾಗದ ಕೊಡಲು ಕೈ ಬರಲಿಲ್ಲ. ಅವನು ಬಂದ ಮೆಟ್ಟಿಲನ್ನೇ ಇಳಿದು ನೆಲಮಹಡಿಯ ಪೂವಪ್ಪನವರ ಬಾಗಿಲು ತಟ್ಟಿದ.

ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದ ಪೂವಪ್ಪ ಈಗ ಈ ಬಿಲ್ಡಿಂಗಿನ ಪತ್ತೇದಾರ. ಕಳೆದ ಚಪ್ಪಲಿ, ಅದಲುಬದಲಾದ ಗ್ಯಾಸ್ ಸಿಲಿಂಡರು, ಯಾರದೆಂದು ಗೊತ್ತಾಗದ ಸೋರಿಕೆ, ಎಲ್ಲಕ್ಕೂ ಅವರೇ. ಟಾರ್ಚು ಹಿಡಿದು ಹಿಂದೆ ನಡೆಯುವ ಕೆಲಸ ಗುರುಬಸವನದು, ಅದೂ ಇವತ್ತು ನಿನ್ನೆಯದಲ್ಲ.

"ಎಂತ ಮಾರಾಯಾ, ನಿನ್ನ ಮುಖ ನೋಡಿದರೆ ನನಗೇ ನಿದ್ದೆ ಬರ್ತದೆ" ಎಂದು ಅವರು ಕನ್ನಡಕ ಹುಡುಕಿದರು.

ಇಬ್ಬರೂ ಮೇಲೆ ಹೋದಾಗ ಏಳೂಕಾಲು. ಟಿವಿಯಲ್ಲಿ ಮಾಧುರಿ ತಾಳ ಹಿಡಿದು ನಿರಾತಂಕವಾಗಿ ಹಾಡುತ್ತಿದ್ದಳು. "ನೋಡ್ರಿ! ಆಕಿ ಕಾಲಿಡದ ಎರಡ ದಿನಾ ಆತು. ಹೆಂಗ ನಡದೈತಿ!" ಎಂದರು ಅಂಬವ್ವ.

ಪೂವಪ್ಪ ನೇರ ಅಡುಗೆಮನೆಗೆ ಹೋದರು. ಹಾಲ್‌ನ ಬಾಗಿಲಿಗೆ ಎದುರಾದ ಗೋಡೆಯ ಗೂಡಿನಲ್ಲಿ ವೈಫೈ ಡಬ್ಬಿ ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು. ಅದರ ಮುಂದೆ, ಸ್ಟೂಲಿನ ಮೇಲೆ, ಎದೆಯೆತ್ತರಕ್ಕೆ ಬರುವ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅವರು ಡ್ರಮ್ಮಿಗೆ ಬೆರಳಿಂದ ತಟ್ಟಿದರು, ಟೊಳ್ಳು ಸದ್ದು ಬಂತು. ಮೂಲೆಯ ಪಾತ್ರೆ ತೊಳೆಯುವ ಮೋರಿಯಲ್ಲಿ ಎರಡು ದಿನದ ಪಾತ್ರೆ ಗುಡ್ಡೆಯಾಗಿತ್ತು. ಅಂಬವ್ವನ ಮೋರಿಯನ್ನು ಹಾಗೆ ಕಂಡದ್ದು ಗುರುಬಸವನಿಗೆ ಇದೇ ಮೊದಲು.

"ಟಿವಿ ನಿಲ್ಲುವಾಗ ಈ ದೀಪ ಕೆಂಪಾಗ್ತದಾ?"

"ಇಲ್ರಿ, ಹಸರ ಇರ್ತೈತಿ."

"ರಿಪೇರಿಯವನು ಯಾವ ಹೊತ್ತಿಗೆ ಬಂದದ್ದು?"

"ಎರಡ ಸಲ ಬಂದಾನ, ಎರಡೂ ಸಲ ಮಧ್ಯಾಹ್ನ. ಎಲ್ಲಾ ಬರೋಬ್ಬರಿ ಐತಿ ಅಂದು ಹೋಗ್ಯಾನ. ಡಬ್ಬಿ ಮೊದ್ಲ ಕೂಡ್ಸಿದ್ದೂ ಮಧ್ಯಾಹ್ನನ. ಆವತ್ತ ಡ್ರಮ್ ತೊಳಸಿ ಬೋರಲ ಹಾಕ್ಸಿದ್ದೆ."

"ಈ ಜಗಳಕ್ಕಿಂತ ಮೊದಲು ಯಾವ ಸಂಜೆಯಾದರೂ ಭಜನೆ ಸರಿ ಬಂದದ್ದುಂಟಾ?"

"ಹೋದ ಮಂಗಳವಾರ ಬಂತು. ಪೈಪ್‌ಲೈನ್ ಕೆಲಸಾ ಅಂತ ನೀರು ಬರದ ದಿನ. ಆಕಿ ತೌರಮನೀಗೆ ಹೋಗಿದ್ಲು. ಆಕಿ ಇಲ್ಲ, ಟಿವಿ ಚಲೋ ಐತಿ. ಇನ್ನೇನ ಬೇಕ್ರಿ?"

ಎದುರು ರೂಮಿನಲ್ಲಿ ಪ್ರಣೀತಾ ಆಗಲೇ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮುಂಬೈಯಲ್ಲೇ ಹುಟ್ಟಿದವಳು, ಕನ್ನಡ ತುಂಡು ತುಂಡಾಗಿ ಬರುತ್ತಿತ್ತು. "ಅಂಕಲ್, ನಾನು ಪಾಸ್‌ವರ್ಡ್ ಕೂಡ ಕೇಳಿಲ್ಲ. ರೋಜ್ ನೀರು ತುಂಬಿ ಬರ್ತಿದ್ದೆ, ಬಸ್. ಆಂಟಿಗೆ ಬಗ್ಗಿ ನಲ್ಲಿಗೆ ಪೈಪ್ ಹಾಕಲಿಕ್ಕೆ ಆಗೋದಿಲ್ಲ ಅಲ್ವಾ." ಹೇಳುತ್ತಲೇ ಅತ್ತಳು. ಗುರುಬಸವನಿಗೆ ಜೇಬಿನ ಕಾಗದ ಭಾರವೆನಿಸಿತು.

ಮೆಟ್ಟಿಲು ಇಳಿಯುವಾಗ ಪೂವಪ್ಪ, "ನಾಳೆ ಆರೂವರೆಗೆ, ನೀರು ಬಿಡುವ ಹೊತ್ತಿಗೆ, ಎಲ್ಲರನ್ನೂ ಅಂಬವ್ವನ ಹಾಲ್‌ನಲ್ಲಿ ಕೂರಿಸು" ಎಂದರು.

"ಕಳ್ಳ ಸಿಕ್ಕನೇನ್ರಿ?"

"ಸಿಕ್ಕಿತು ಮಾರಾಯಾ. ಹಿಡಿದರೆ ಕೈ ಒದ್ದೆಯಾಗ್ತದೆ."

ಭಾನುವಾರ ಸಂಜೆ ಅಂಬವ್ವ ಕುರ್ಚಿಯಲ್ಲಿ, ರೋಶನ್ ಮತ್ತು ಪ್ರಣೀತಾ ಬಾಗಿಲ ಹತ್ತಿರ ನಿಂತೇ ಇದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ರಜೆಯ ಒಂದೇ ದಿನವೂ ಹೀಗೆ ಹೋಯಿತಲ್ಲ ಎಂದು ಗುರುಬಸವ ಗೋಡೆಗೆ ಆನಿಕೊಂಡ. ಟಿವಿಯಲ್ಲಿ ಪ್ರವಚನ ಸರಾಗವಾಗಿ ನಡೆದಿತ್ತು.

"ಮಗಾ, ದಿನಾ ಇಲ್ಲಿ ಎಂತ ಮಾಡ್ತಿದ್ದಿಯೋ ಅದನ್ನೇ ಈಗ ಮಾಡು" ಎಂದರು ಪೂವಪ್ಪ ಪ್ರಣೀತಾಳಿಗೆ.

ಪ್ರಣೀತಾ ಗಂಡನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ನಲ್ಲಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಡ್ರಮ್ಮಿಗೆ ಬಿಟ್ಟಳು. ಅರ್ಧ ಡ್ರಮ್ಮು ತುಂಬುವವರೆಗೆ ಏನೂ ಆಗಲಿಲ್ಲ. ನೀರು ಗೂಡಿನ ಎತ್ತರಕ್ಕೆ ಏರುತ್ತಿದ್ದಂತೆ ಟಿವಿಯ ಚಿತ್ರ ಮಸುಕಾಯಿತು. ಏಳಾಯಿತು, ಮಾಧುರಿ ತಾಳ ಎತ್ತಿದಳು, ಡ್ರಮ್ಮು ತುಂಬಿತು, ಚಕ್ರ ತಿರುಗತೊಡಗಿತು.

"ನೋಡಿದ್ರಾ? ಆಕಿ ಕೈ ಹಚ್ಚಿದ್ಲು, ನಿಂತು ಹೋತು!" ಅಂಬವ್ವ ಅರ್ಧ ಎದ್ದೇಬಿಟ್ಟರು.

"ಕೂತ್ಕೊಳ್ಳಿ ಅಂಬವ್ವನವರೇ" ಎಂದು ಪೂವಪ್ಪ ಡಬ್ಬಿಯನ್ನು ಗೂಡಿನಿಂದ ತೆಗೆದು, ವಯರು ಎಳೆದು, ಬಾಗಿಲ ಮೇಲಿನ ಹಲಗೆಯ ಮೇಲಿಟ್ಟರು. ಎರಡು ನಿಮಿಷಕ್ಕೆ ಚಕ್ರ ಹೋಗಿ ಮಾಧುರಿಯ ಮುಖ ಬಂತು.

"ಈ ಡಬ್ಬಿಯ ಸಿಗ್ನಲ್ ಖಾಲಿ ಪ್ಲಾಸ್ಟಿಕ್ಕನ್ನು ದಾಟಿ ಹೋಗ್ತದೆ. ನೀರನ್ನು ದಾಟುವುದು ಕಷ್ಟ, ನೀರು ಅದನ್ನು ಕುಡಿದು ಬಿಡ್ತದೆ. ಹಸಿರು ದೀಪ ಉಂಟು ಅಂದ್ರೆ ಲೈನು ಸರಿ ಇತ್ತು. ಹಾಗಾದರೆ ತೊಂದರೆ ಡಬ್ಬಿಗೂ ಟಿವಿಗೂ ನಡುವೆ. ಪಾಸ್‌ವರ್ಡ್ ಬದಲಿಸಿದರೂ ನಿಂತಿತು, ಅಂದರೆ ಕದಿಯುವವರು ಯಾರೂ ಇಲ್ಲ. ಮಧ್ಯಾಹ್ನಕ್ಕೆ ಅರ್ಧ ನೀರು ಖರ್ಚಾಗಿರ್ತದೆ, ಟಿವಿ ಓಡ್ತದೆ, ರಿಪೇರಿಯವನಿಗೆ ಎಲ್ಲ ಸರಿ ಕಾಣ್ತದೆ. ಮಂಗಳವಾರ ಹುಡುಗಿ ಇರಲಿಲ್ಲ ಅಂತ ನೀವು ಹೇಳಿದ್ರಿ. ನೀರೂ ಇರಲಿಲ್ಲ ಅಂತ ನೀವೇ ಹೇಳಿದ್ರಿ."

"ಮತ್ತ ಈ ಎರಡ ದಿನಾ?" ಗುರುಬಸವ ಕೇಳಿದ. ಕೇಳುವಾಗಲೇ ಮೋರಿಯ ಪಾತ್ರೆಗಳು ನೆನಪಾದವು.

"ತುಂಬುವವಳನ್ನು ಹೊರಗೆ ಹಾಕಿದ ಮೇಲೆ ಡ್ರಮ್ಮು ತುಂಬುವುದು ಹೇಗೆ? ಅಂಬವ್ವನವರೇ, ಶುಕ್ರವಾರದಿಂದ ಎಷ್ಟು ನೀರಲ್ಲಿ ದಿನ ತೆಗೆದ್ರಿ?"

ಅಂಬವ್ವ ಅಡುಗೆಮನೆಯ ಕಡೆ ನೋಡಿದರು. "ಒಂದ್ ತಂಬಿಗಿ, ಎರಡ್ ತಂಬಿಗಿ" ಎಂದರು. "ಜಳಕಾ ಮಾಡಿಲ್ಲ."

ಗುರುಬಸವ ನೋಟೀಸನ್ನು ಜೇಬಿನಿಂದ ತೆಗೆದು ಹರಿದ. ಅವನಿಗೆ ಯಾರೂ ಹೇಳಲಿಲ್ಲ, ಯಾರೂ ತಡೆಯಲೂ ಇಲ್ಲ.

ಪ್ರಣೀತಾ ನಲ್ಲಿ ನಿಲ್ಲಿಸಿದಳು. ಡ್ರಮ್ಮಿಗೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ದಿನದಂತೆ ಮಗ್ಗನ್ನು ಕವುಚಿಟ್ಟಳು. "ನನಗೆ ತುಂಬಾ ಬೇಜಾರಾಯ್ತು, ಆಂಟಿ. ಎಲ್ಲರ ಎದುರು ಚೋರ್ ಅಂದ್ರಿ" ಎಂದಳು, ಮತ್ತು ಚಪ್ಪಲಿ ಹಾಕಿಕೊಳ್ಳಲು ಬಾಗಿಲಿಗೆ ನಡೆದಳು.

ಧಾರವಾಡದಲ್ಲಿ ಮಾಧುರಿ ಪಲ್ಲವಿ ಮುಗಿಸಿ ಚರಣಕ್ಕೆ ಬಂದಿದ್ದಳು. ತಿಂಗಳಿಂದ ಅಂಬವ್ವ ಅದಕ್ಕಾಗಿಯೇ ಹಂಬಲಿಸಿದ್ದು, ಈಗ ಒಂದೂ ಅಡ್ಡಿಯಿರಲಿಲ್ಲ. ಅಂಬವ್ವ ರಿಮೋಟು ಎತ್ತಿ ಟಿವಿ ಆರಿಸಿದರು.

"ತಂಗೀ ಹಾಡು ನಾಳೆನೂ ಇರ್ತೈತಿ" ಎಂದರು. ಮೊಣಕಾಲಿನ ಮೇಲೆ ಕೈಯೂರಿ, ಕಷ್ಟಪಟ್ಟು ಎದ್ದು, ಪ್ರಣೀತಾಳಿಗೆ ತಮ್ಮ ಕುರ್ಚಿಯನ್ನೇ ಸರಿಸಿದರು. "ನೀ ಕೂಡವ್ವಾ. ತಪ್ಪ್ ನಂದು."