ನಿನ್ನೆಯ ಪ್ರತಿಧ್ವನಿ

ಅಣ್ಣ ಧ್ರುವದ ಬಳಿಯ ರೇಡಾರ್ ಸಂಶೋಧನಾ ಕೇಂದ್ರದ ಆಂಟೆನಾ ಕಂಬದ ಬುಡದಲ್ಲಿ, ಹಿಮದ ಮೇಲೆ ಅಂಗಾತ ಬಿದ್ದಿದ್ದ. ಊಟಕ್ಕೆ ಬಾರದವನನ್ನು ಬೈದುಕೊಳ್ಳುತ್ತಲೇ ಹುಡುಕಿ ಹೋದ ತಂಗಿಗೆ ಮೊದಲು ಕಂಡದ್ದು ಅವನ ಬಲಗೈಯ ಗವಸು. ಅಂಗೈ ಭಾಗ ಸುಟ್ಟು ಕರಕಲಾಗಿತ್ತು.

ಇನ್‌ಸ್ಪೆಕ್ಟರ್ ಮಂಡಿಯೂರಿ ನೋಡಿದ. "ಹಗ್ಗ ಉಜ್ಜಿದ ಗಾಯ ಇರಬೇಕಮ್ಮ. ಕಾಲು ಜಾರಿದೆ."

"ಕರೆಂಟ್ ಹೊಡೆದಿದೆ ಸಾರ್."

"ಹೇಗೆ? ಕೀ ಅವರ ಜೇಬಲ್ಲೇ ಇದೆಯಲ್ಲ!"

ಅದೇ ಪೀಕಲಾಟ. ಕಂಬ ಹತ್ತುವವರು ರೇಡಾರ್ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡೇ ಹೊರಡಬೇಕು. ಕೀ ಇಲ್ಲದೆ ಅದು ಚಾಲೂ ಆಗದು, ಆಂಟೆನಾಗೆ ಕರೆಂಟ್ ಬಾರದು. ಇನ್ನೊಂದು ಕೀ ಡೈರೆಕ್ಟರ ಕಪಾಟಿನಲ್ಲಿತ್ತು. ಅದು ಕೈಗೆಟುಕುವುದು ಅವರಿಗೆ ಮತ್ತು ಎಲೆಕ್ಟ್ರಿಷಿಯನ್‌ಗೆ ಮಾತ್ರ.

"ಅಜಾಗರೂಕತೆಯಿಂದ ಸಾವು ಅಂತ ಬರೀತೀನಿ."

ತಂಗಿಯ ಮೈ ಉರಿಯಿತು. ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದವನಿಗೆ ಅಜಾಗರೂಕನೆಂಬ ಪಟ್ಟ!

"ನಾಳೆವರೆಗೆ ತಡೀರಿ ಸಾರ್. ಮಾಡಿದವನನ್ನ ನಾನು ಸುಮ್ಮನೆ ಬಿಡಲ್ಲ."

*

ಎಲೆಕ್ಟ್ರಿಷಿಯನ್ ಕಳೆದ ವಾರವಷ್ಟೇ ಅಣ್ಣನ ಕಾಲರ್ ಹಿಡಿದಿದ್ದ. ಈಗ ಅವನ ಕೆನ್ನೆ ಬನ್ನಿನಂತೆ ಊದಿತ್ತು.

"ಬೆಳಗ್ಗೆಯಿಂದ ಹಲ್ಲಿನ ಡಾಕ್ಟರ್ ಹತ್ರ ಬಾಯಿ ಬಿಟ್ಕೊಂಡು ಬಿದ್ದಿದ್ದೆ ಕಣಮ್ಮ. ನಿಮ್ಮಣ್ಣ ನನ್ನ ವೈರಿಂಗ್‌ಗೆ ಕಾಗೆಗೂಡು ಅಂದ್ರು, ರೇಗಿತು. ಅಷ್ಟಕ್ಕೆ ಜೀವ ತೆಗೀತಾರಾ? ಹಲ್ಲು ಜೇಬಲ್ಲೇ ಇದೆ, ತೋರಿಸ್ಲಾ?"

ಡಾಕ್ಟರ್ ಹೌದೆಂದರು. ಉಳಿದವರು ಡೈರೆಕ್ಟರ್. ಆಕಾಶದಲ್ಲೇಳುವ ಅಲೆಗಳ ವೇಗದ ಬಗ್ಗೆ ಅವರು ಜೀವಮಾನವಿಡೀ ನೆಚ್ಚಿದ್ದ ಸಿದ್ಧಾಂತ ತಪ್ಪೆಂದು ಅಣ್ಣ ತುಂಬಿದ ಸಭೆಯಲ್ಲಿ ಹೇಳಿದ್ದ. ಸಭೆ ನಕ್ಕಿತ್ತು. ಅಂದಿನಿಂದ ಡೈರೆಕ್ಟರ ಮಾತು ಜೇನಿನಂತಾಗಿತ್ತು. ಆ ಸಿಹಿಗೇ ಅವಳು ಹೆದರಿದ್ದಳು.

ಅವಳು ಕಂಪ್ಯೂಟರ್ ಮುಂದೆ ಕುಳಿತಳು. ರೇಡಾರಿನ ದಾಖಲೆ ನೋಡಿಕೊಳ್ಳುವುದೇ ಅವಳ ಕೆಲಸ. ಆ ದಿನದ ದಾಖಲೆ ಖಾಲಿ. ತಾನು ರಜೆಯಲ್ಲಿದ್ದ ಹಿಂದಿನ ದಿನದ್ದನ್ನು ತೆರೆದಳು. ಪರದೆಯ ತುಂಬ ಪ್ರತಿಧ್ವನಿಗಳು! ಅಷ್ಟು ಗಟ್ಟಿಯಾದವನ್ನು ಅವಳೆಂದೂ ಕಂಡಿರಲಿಲ್ಲ. ನೆರೆಯ ಕೇಂದ್ರಕ್ಕೆ ಫೋನ್ ಮಾಡಿದಳು. ಉತ್ತರ ಕೇಳಿ, ಹಲ್ಲು ಕಚ್ಚಿ, ಲೆಕ್ಕ ಹಾಕತೊಡಗಿದಳು.

*

ಮರುದಿನ ಎಲ್ಲರೂ ಕಂಟ್ರೋಲ್ ರೂಮಿನಲ್ಲಿ ಸೇರಿದರು.

"ಮೊನ್ನೆಯ ದಾಖಲೆ ಕೆಟ್ಟಿದೆ ಸಾರ್," ಎಂದಳು ಡೈರೆಕ್ಟರಿಗೆ. "ಅಳಿಸಿಬಿಡ್ತೀನಿ." ಬೆರಳು ಕೀಬೋರ್ಡಿನ ಮೇಲಿತ್ತು.

"ಬೇಡ!" ಡೈರೆಕ್ಟರ್ ನುಗ್ಗಿ ಅವಳ ಮಣಿಕಟ್ಟು ಹಿಡಿದರು. "ಅಂಥದ್ದು ಇನ್ನೊಮ್ಮೆ ಸಿಗಲ್ಲ!"

"ಕೈ ಬಿಡಿ ಸಾರ್," ಎಂದ ಇನ್‌ಸ್ಪೆಕ್ಟರ್. "ಏನಮ್ಮ ಇದು?"

"ಇಲ್ಲಿ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯೋದು ನೋಡಿದ್ದೀರಲ್ಲ? ಅಷ್ಟು ಎತ್ತರದಲ್ಲಿ ವಿದ್ಯುತ್ ಹರಿಯುತ್ತೆ, ಹಗಲಲ್ಲೂ. ಅದು ಜೋರಾದ್ರೆ ಅಲ್ಲಿನ ಪ್ಲಾಸ್ಮಾದಲ್ಲಿ, ಅಂದ್ರೆ ವಿದ್ಯುತ್ ತುಂಬಿದ ಗಾಳಿಯಲ್ಲಿ, ಅಲೆ ಏಳುತ್ತೆ. ರೇಡಾರ್ ಕಳಿಸಿದ ಸಂಕೇತ ಆ ಅಲೆಗೆ ತಾಗಿ ಮರಳುತ್ತೆ. ವಿದ್ಯುತ್ ಜೋರಾದ್ರೆ ನೆಲದ ಮೇಲಿನ ಆಯಸ್ಕಾಂತದ ಮುಳ್ಳೂ ಅಲುಗಬೇಕು. ನೆರೆಯ ಕೇಂದ್ರದವರನ್ನೂ ಕೇಳಿದೆ, ಮೊನ್ನೆ ಅದು ಎಲ್ಲೂ ಅಲುಗಿಲ್ಲ. ಅಲುಗಿದ್ದು ನಿನ್ನೆ, ಅಣ್ಣ ಕಂಬದ ಮೇಲಿದ್ದಾಗ."

"ಅಂದ್ರೆ ಈ ದಾಖಲೆ..."

"ನಿನ್ನೇದು. ದಿನಾಂಕ ತಿದ್ದಿದ್ದಾರೆ. ಸಂಕೇತ ಕಳಿಸದೆ ಪ್ರತಿಧ್ವನಿ ಬರಲ್ಲ. ಟ್ರಾನ್ಸ್‌ಮಿಟರ್ ಚಾಲೂ ಇತ್ತು, ಇವರ ಕೀಯಿಂದ. ಕ್ಷಣ ಹೊತ್ತು ಹಾಕಿ ಆರಿಸೋ ಯೋಚನೆ ಇತ್ತೋ ಏನೋ. ಅಷ್ಟರಲ್ಲಿ ಜೀವಮಾನವಿಡೀ ಕಾದದ್ದು ಪರದೆ ಮೇಲೆ ಬಂತು. ಆರಿಸೋಕೂ ಮನಸ್ಸಾಗಲಿಲ್ಲ, ಅಳಿಸೋಕೂ ಮನಸ್ಸಾಗಲಿಲ್ಲ. ನಮ್ಮಣ್ಣ ಹಿಮದಲ್ಲಿ ಬಿದ್ದಿರೋವಾಗ ಇವರು ಕಣ್ಣರಳಿಸಿಕೊಂಡು ನೋಡ್ತಾ ಕೂತಿದ್ರು."

ಎಲೆಕ್ಟ್ರಿಷಿಯನ್ ಊದಿದ ಬಾಯಲ್ಲೇ ಒಂದು ಬೈಗುಳ ಉಗಿದ.

ಡೈರೆಕ್ಟರ್ ಅಲ್ಲಗಳೆಯಲಿಲ್ಲ. "ಎಲ್ಲರೆದುರು ನಗೆಪಾಟಲು ಮಾಡಿದ ನನ್ನನ್ನ," ಎಂದಷ್ಟೇ ಗೊಣಗಿದರು. ಕೋಳ ಬಿದ್ದ ಮೇಲೆ ಬಾಗಿಲಲ್ಲಿ ನಿಂತು ತಿರುಗಿದರು. ದನಿ ಮೊದಲ ಬಾರಿಗೆ ಅಂಗಲಾಚಿತು.

"ಲೆಕ್ಕ ಹಾಕೋಕೆ ನನಗೆ ಪುರುಸೊತ್ತಾಗಲಿಲ್ಲ. ಅಲೆಗಳ ವೇಗ... ನಾನು ಹೇಳಿದಷ್ಟೇ ಇತ್ತಾ? ನೀನು ನೋಡಿರ್ತೀಯ. ಹೇಳಮ್ಮ."

"ನೋಡಿದೆ."

"ಮತ್ತೆ? ನಾನು ಸರಿಯೋ, ಅವನು ಸರಿಯೋ?"

ಅವಳು ಪರದೆ ಆರಿಸಿದಳು. ಕುರ್ಚಿಯನ್ನು ಮೇಜಿನಡಿ ತಳ್ಳಿದಳು.

"ಇವರನ್ನ ಕರೆದುಕೊಂಡು ಹೋಗಿ ಸಾರ್," ಎಂದಳು ಇನ್‌ಸ್ಪೆಕ್ಟರಿಗೆ.